ಮರುದಿನದ ಫೈಲು

ಆಸ್ಪತ್ರೆಯ ಆಡಳಿತಾಧಿಕಾರಿಗಳು ಆ ಪೆಟ್ಟಿಗೆಯನ್ನು ದಿಂಬಿನ ಚೀಲದೊಳಗಿಟ್ಟುಕೊಂಡು ತಾವೇ ಹೊತ್ತು ತಂದಿದ್ದರು. ಡಿಸ್ಕಮ್ಮನ ಅಂಗಡಿ ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಕಡಿದಾಗಿದ್ದುದರಿಂದ ಮೇಲೆ ತಲುಪುವಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು. ಚೀಲವನ್ನು ಮೇಜಿನ ಮೇಲಿಟ್ಟು, ಅದರ ಬಾಯಿಯನ್ನು ನಾಜೂಕಾಗಿ ಹಿಂದಕ್ಕೆ ಮಡಚಿ, ಒಳಗಿದ್ದ ಕಪ್ಪು ರೆಕಾರ್ಡರನ್ನು ತೋರಿಸಿದರು. ವಾರ್ಡಿನ ಬಾಗಿಲ ಮೇಲಿನ ಕ್ಯಾಮೆರಾ ಕಂಡದ್ದನ್ನೆಲ್ಲ ತನ್ನ ಡಿಸ್ಕಿನಲ್ಲಿ ತುಂಬಿಟ್ಟುಕೊಳ್ಳುವ ಯಂತ್ರ ಅದು.

ಕೆಟ್ಟ ಕಂಪ್ಯೂಟರುಗಳ ಹೊಟ್ಟೆಯಿಂದ ಜನರ ಫೋಟೊಗಳನ್ನೂ ಪತ್ರಗಳನ್ನೂ ಜೀವಸಹಿತ ಹೊರತೆಗೆಯುವುದು ಅವಳ ಕಸುಬು. ಅದಕ್ಕಾಗಿಯೇ ಬೀದಿಯವರು ಅವಳನ್ನು ಡಿಸ್ಕಮ್ಮ ಎನ್ನುತ್ತಿದ್ದರು. ಮೊದಮೊದಲು ಸಿಡುಕುತ್ತಿದ್ದವಳು ಈಗ ಆ ಹೆಸರಿಗೇ ಓಗೊಡುತ್ತಿದ್ದಳು.

ಬೇರೆ ಯಾರ ಕೈಗೂ ಕೊಡಲು ತಮಗೆ ಮನಸ್ಸು ಬರಲಿಲ್ಲವೆಂದು ಅಧಿಕಾರಿಗಳು ಹೇಳಿದರು. ತಂಗಿಯ ವಿಷಯವಾದ್ದರಿಂದ ಅಕ್ಕನಾದವಳು ಮುತುವರ್ಜಿ ವಹಿಸುತ್ತಾಳೆಂಬುದು ಅವರ ನಂಬಿಕೆ. ಯಂತ್ರವನ್ನು ಹಚ್ಚಿದರೆ ಫೈಲ್ ಸಿಸ್ಟಮ್ಮಿನಲ್ಲಿ ದೋಷವಿದೆಯೆಂದು ಪರದೆ ಹೇಳುತ್ತಿತ್ತಂತೆ.

"ರಿಪೇರಿ ಮಾಡ್ಲಾ ಅಂತ ಅದೇ ಕೇಳುತ್ತೆ. ಹೌದು ಅಂತ ಒಂದು ಬಟನ್ ಒತ್ತಿಬಿಟ್ರೆ ಆಯ್ತಲ್ಲ?" ಎಂದರು.

"ಒತ್ತಿದ್ರಾ?"

"ಕೈ ಹೋಗಿತ್ತು. ಧೈರ್ಯ ಬರಲಿಲ್ಲ."

"ಒಂದೊಂದ್ಸಲ ಹೇಡಿತನವೂ ಒಳ್ಳೇದು ಸಾರ್," ಎಂದು ಅವಳು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

ಆ 'ರಿಪೇರಿ' ಎಂಬ ಮಾತಿನ ಬಗ್ಗೆ ಅವಳಿಗಿದ್ದ ಸಿಟ್ಟು ಸಣ್ಣದಲ್ಲ. ಡಿಸ್ಕಿನಲ್ಲಿ ಬರೆದಿಟ್ಟದ್ದು ಬೇರೆ. ಯಾವುದು ಯಾರದು, ಎಲ್ಲಿದೆ ಎಂದು ಹೇಳುವ ವಿಳಾಸಗಳು ಬೇರೆ. ವಿದ್ಯುತ್ತು ತಟಕ್ಕನೆ ಹೋದಾಗ ಈ ಎರಡರ ನಡುವೆ ಹೊಂದಿಕೆ ತಪ್ಪುತ್ತದೆ. ಆಗ ಬರುವ ರಿಪೇರಿಯ ಪ್ರೋಗ್ರಾಮಿಗೆ ವಿಳಾಸಗಳು ಒಂದಕ್ಕೊಂದು ಹೊಂದಿದರೆ ಸಾಕು. ಹೊಂದದೆ ಉಳಿದದ್ದನ್ನು ಅದು ಮುಲಾಜಿಲ್ಲದೆ ಒರೆಸಿಹಾಕಿ, ಎಲ್ಲವೂ ಸರಿಹೋಯಿತೆಂದು ವರದಿ ಕೊಡುತ್ತದೆ. ಒಪ್ಪ ಓರಣದ ಹೆಸರಿನಲ್ಲಿ ಲೋಕದಲ್ಲಿ ನಡೆಯುವ ಅನ್ಯಾಯಗಳ ಸಾಲಿನಲ್ಲಿ ಇದು ತೀರ ಚಿಕ್ಕದಿರಬಹುದು; ಆದರೂ ಅನ್ಯಾಯವೇ. ಆದ್ದರಿಂದ ಮೊದಲು ಡಿಸ್ಕಿನ ಪೂರ್ತಿ ನಕಲು, ಏನೇ ಚಿಕಿತ್ಸೆಯಿದ್ದರೂ ಆ ನಕಲಿಗೆ ಎಂಬುದು ಅವಳ ಮೊದಲ ನಿಯಮ. ಸಿಕ್ಕಿದಷ್ಟನ್ನೂ ಒಪ್ಪಿಸಬೇಕು, ಆರಿಸಿ ಕೊಡಬಾರದು ಎಂಬುದು ಎರಡನೆಯದು.

ಅಂದು ಅವಳು ಮೂರನೆಯ ನಿಯಮವೊಂದನ್ನೂ ಪಾಲಿಸಬೇಕಾಗಿತ್ತು. ತಂಗಿಯ ಮೇಲೆ ಆರೋಪವಿರುವಾಗ ಸಾಕ್ಷಿ ಹುಡುಕುವ ಕೆಲಸವನ್ನು ಅಕ್ಕ ವಹಿಸಿಕೊಳ್ಳಬಾರದು. ಇದು ಅವಳಿಗೆ ತಿಳಿಯದ್ದೇನಲ್ಲ. ತಿಳಿದೂ ತಿಳಿದೂ ರಸೀದಿಗೆ ಸಹಿ ಹಾಕಿದಳು.

ಆರೋಪ ಹೀಗಿತ್ತು. ಅವಳ ತಂಗಿ ನರ್ಸು. ತಂಗಿಯ ವಾರ್ಡಿನಲ್ಲಿ ಬಾಗಿಲಿಗೆ ಹತ್ತಿರದ ಹಾಸಿಗೆಯಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ಬಹುಕಾಲ ಮಲಗಿದ್ದ ಮುದುಕಿಯೊಬ್ಬರಿದ್ದರು. ದಿಂಬಿನ ಬಳಿಯ ಕರೆಗಂಟೆಯನ್ನು ಹೊತ್ತುಗೊತ್ತಿಲ್ಲದೆ ಒತ್ತುತ್ತಿದ್ದುದರಿಂದ ವಾರ್ಡಿನವರೆಲ್ಲ ಅವರನ್ನು ಗಂಟೆಯಜ್ಜಿ ಎನ್ನುತ್ತಿದ್ದರು. ನೀರಿಗೆ ಒತ್ತುವರು, ಪರದೆ ಸರಿಸಲು ಒತ್ತುವರು. ಎಷ್ಟೋ ಸಲ ಏನೂ ಬೇಡದೆಯೂ ಒತ್ತುವರು. ಓಡಿಬಂದವರನ್ನು ನೋಡಿ, "ಇದ್ದೀಯಲ್ಲ, ಅಷ್ಟು ಸಾಕು, ಹೋಗು" ಎನ್ನುವರು. ಒಂದು ಮಧ್ಯಾಹ್ನ, ಟೈಲರ್ ಆಗಿದ್ದ ಮಗ ಅಂಗಡಿಗೆ ಹೋಗಿದ್ದ ಸಮಯದಲ್ಲಿ, ಅಜ್ಜಿ ಉಸಿರುಗಟ್ಟಿ ತೀರಿಕೊಂಡರು. ಆ ಹೊತ್ತಿನಲ್ಲಿ ತಾಯಿಯ ಬಳಿ ಯಾರೂ ಇರಲಿಲ್ಲವೆಂದು ಮಗ ದೂರು ಕೊಟ್ಟ. ನರ್ಸು ಪಕ್ಕದಲ್ಲೇ ಕುಳಿತಿದ್ದಳೆಂದು ಆಸ್ಪತ್ರೆ ಉತ್ತರಿಸಿತು. ಕೊನೆಯ ಉಸಿರಿನವರೆಗೂ ತಾನು ಅವರ ಕೈ ಹಿಡಿದಿದ್ದೆನೆಂದು ತಂಗಿ ಹೇಳಿಕೆ ಬರೆದುಕೊಟ್ಟಳು. ವಿಚಾರಣೆಯಲ್ಲಿ ಅವಳು ಅಲ್ಲಿರಲಿಲ್ಲವೆಂದಾದರೆ ಕೆಲಸ ಹೋಗುತ್ತಿತ್ತು; ನರ್ಸ್ ಆಗಿ ದುಡಿಯುವ ಪರವಾನಗಿಯೂ ಹೋಗುತ್ತಿತ್ತು. ಆ ಕೆಲಸಕ್ಕಾಗಿ ಅವಳು ಓದಿದ್ದಳು, ಅದನ್ನು ಬಿಟ್ಟು ಬೇರೇನನ್ನೂ ಅವಳು ಕಲಿತಿರಲಿಲ್ಲ.

ಅಕ್ಕತಂಗಿಯರಿಬ್ಬರದೂ ಒಂದೇ ಮನೆ. ವಿಚಾರಣೆ ಮುಗಿಯುವವರೆಗೆ ರಜೆಯ ಮೇಲಿದ್ದ ತಂಗಿ ಮನೆಯಲ್ಲಿಯೇ ಇರುತ್ತಿದ್ದಳು, ಇದ್ದೂ ಇಲ್ಲದವಳಂತೆ. ನಲ್ಲಿ ತಿರುಗಿಸಿ ಬಿಟ್ಟು ಮರೆಯುವಳು. ಕುಳಿತಲ್ಲಿಂದ ಥಟ್ಟನೆ ಎದ್ದು ಬಾಗಿಲಿನವರೆಗೆ ಹೋಗಿ, ಯಾರೂ ಇಲ್ಲದ್ದನ್ನು ಕಂಡು, ಹಿಂದಿರುಗದೆ ಅಲ್ಲಿಯೇ ನಿಲ್ಲುವಳು. ಬಾಗಿಲಗಂಟೆಯ ಬ್ಯಾಟರಿಯನ್ನು ಅವಳೇ ಕಿತ್ತಿಟ್ಟಿದ್ದಳು; ಹಾಲಿನವನು ಈಗ ಬಾಗಿಲು ಬಡಿಯಬೇಕಾಗಿತ್ತು. ಅಕ್ಕ ಇದನ್ನೆಲ್ಲ ಸುಳ್ಳು ಆರೋಪದ ಸಂಕಟವೆಂದೇ ತಿಳಿದಿದ್ದಳು. ಕೈ ಹಿಡಿದು ಕುಳಿತವಳನ್ನು ಕೈಬಿಟ್ಟವಳೆಂದರೆ ಯಾರಿಗೆ ತಾನೇ ನೋವಾಗುವುದಿಲ್ಲ?

ನಕಲು ಮುಗಿದ ಮೇಲೆ ಅವಳು ಪರೀಕ್ಷೆಗೆ ಕುಳಿತಳು. ಪ್ರತಿಯೊಂದು ದೋಷಕ್ಕೂ ಪ್ರೋಗ್ರಾಮು ಸರಿಪಡಿಸಲೇ ಎಂದು ಕೇಳುತ್ತಿತ್ತು. ಪ್ರತಿಯೊಂದಕ್ಕೂ ಅವಳು ಬೇಡವೆನ್ನುತ್ತ, ದೋಷ ಯಾವುದೆಂದು ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದಳು. ಹಾನಿಯೆಲ್ಲ ಆಯಾ ದಿನದ ಫೈಲಿನ ಬಾಲದಲ್ಲಿತ್ತು. ಅದೂ ದಿನ ಬಿಟ್ಟು ದಿನವಲ್ಲ, ಪ್ರತಿದಿನವೂ. ಆಶ್ಚರ್ಯದಿಂದ ಆಡಳಿತಾಧಿಕಾರಿಗಳಿಗೆ ಫೋನು ಮಾಡಿ ವಿಚಾರಿಸಿದಾಗ ಕಾರಣ ತಿಳಿಯಿತು. ವಾರ್ಡಿನಲ್ಲಿದ್ದ ಪ್ಲಗ್ಗು ಒಂದೇ. ಮಧ್ಯಾಹ್ನ ಬರುವ ಗುಡಿಸುವವರು ರೆಕಾರ್ಡರಿನ ತಂತಿಯನ್ನು ಕಿತ್ತು, ನೆಲ ಉಜ್ಜುವ ಯಂತ್ರದ್ದನ್ನು ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಮರಳಿ ಹಾಕುತ್ತಿದ್ದರು.

"ಪಾಪ, ಮತ್ತೆ ಹಾಕ್ತಾರಲ್ಲ," ಎಂದರು ಅಧಿಕಾರಿಗಳು, ಗುಡಿಸುವವರ ಪರವಾಗಿ.

ಇನ್ನೊಂದು ಪ್ಲಗ್ಗು ಹಾಕಿಸುವ ಯೋಚನೆ ಅವರಿಗೆ ಬಂದಂತಿರಲಿಲ್ಲ. ನೆಲವೇನೋ ಕನ್ನಡಿಯಂತಿತ್ತು. ತಂತಿ ಕಿತ್ತಾಗಲೆಲ್ಲ ರೆಕಾರ್ಡರು ತಾರೀಕನ್ನೂ ಮರೆಯುತ್ತಿತ್ತು. ಆದ್ದರಿಂದ ಫೈಲುಗಳಿಗೆ ಸಾಲುಸಂಖ್ಯೆಯಿತ್ತೇ ಹೊರತು ದಿನದ ಗುರುತಿರಲಿಲ್ಲ. ಒಳಗಿನ ದೃಶ್ಯಗಳನ್ನು ನೋಡಿಯೇ ಅವಳು ದಿನಗಳನ್ನು ಜೋಡಿಸಬೇಕಾಯಿತು. ಒಂದು ಫೈಲು ಆರಂಭವಾಗುವುದೇ ಅಜ್ಜಿಯ ಹಾಸಿಗೆಯ ಸುತ್ತ ವೈದ್ಯರ ಗುಂಪಿನಿಂದ, ಆಮೇಲೆ ಮುಖದ ಮೇಲೆ ಎಳೆದ ಬಿಳಿಯ ಬಟ್ಟೆಯಿಂದ. ಹಾಗಿದ್ದರೆ ಅದರ ಹಿಂದಿನ ಫೈಲೇ ಬೇಕಾದದ್ದು. ಅದರ ಬಾಲದ ತುಂಡಿನಲ್ಲಿಯೇ ಅವಳ ತಂಗಿಯ ಬಾಳು ಅಡಗಿತ್ತು.

ಹಳೆಯ ಕಾಲದ ಆ ರೆಕಾರ್ಡರು ಒಂದೊಂದು ಚಿತ್ರವನ್ನೂ ಇಡಿಯಾಗಿ, ಬಿಡಿಬಿಡಿಯಾಗಿ ಇಡುತ್ತಿದ್ದುದರಿಂದ ತುಂಡು ಚೆನ್ನಾಗಿಯೇ ತೆರೆದುಕೊಂಡಿತು. ಧ್ವನಿಯಿಲ್ಲ. ಕಿಟಕಿಯಿಂದ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಿದ್ದಿದೆ. ಗಂಟೆಯಜ್ಜಿ ದಿಂಬಿಗೊರಗಿ ಕುಳಿತಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ನರ್ಸು. ಆ ಕುಳಿತ ಭಂಗಿ, ಒಂದು ಭುಜ ತುಸು ತಗ್ಗಿದ್ದು, ಅಕ್ಕನಿಗೆ ಹುಟ್ಟಿನಿಂದ ಗೊತ್ತು. ತಂಗಿ ಅಜ್ಜಿಯ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡಿದ್ದಾಳೆ. ಅಜ್ಜಿ ಏನೋ ಹೇಳುತ್ತಾರೆ, ತಂಗಿ ನಗುತ್ತಾಳೆ.

ಡಿಸ್ಕಮ್ಮ ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟಳು. ಕೆಳಗಿನ ಅಂಗಡಿಯಲ್ಲಿ ಯಾರೋ ಗಿರಾಕಿ ಗೋಡೆಯ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದುದು ಕೇಳಿಸುತ್ತಿತ್ತು. ಅವಳು ಅಂದು ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಎಲ್ಲರಿಗೂ ಸುಖವಾಗಿಯೂ ಇರುತ್ತಿತ್ತು. ಆದರೆ ದೋಷಗಳಲ್ಲಿ ಒಂದನ್ನು ಅವಳಿನ್ನೂ ನೋಡಿರಲಿಲ್ಲ: ಅದೇ ತುಂಡಿಗೆ ಇನ್ನೊಂದು ಫೈಲೂ ಹಕ್ಕು ಹೂಡಿತ್ತು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರಿದಂತೆ. ಇಬ್ಬರಲ್ಲಿ ಒಬ್ಬರ ಮಾತು ಮಾತ್ರ ಕೇಳಿ ತೀರ್ಪು ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಕಣ್ಣೊರೆಸಿಕೊಂಡು ಎರಡನೆಯ ಹಕ್ಕುದಾರನನ್ನು ತೆರೆದಳು.

ಅದು ಮರುದಿನದ ಫೈಲು, ವೈದ್ಯರ ಗುಂಪಿನಿಂದ ಆರಂಭವಾಗಿ ಮರುದಿನ ಮಧ್ಯಾಹ್ನದವರೆಗೆ ಓಡಿದ್ದು. ಬೆಳಗ್ಗೆ ಹಾಸಿಗೆ ಬರಿದಾಗಿದೆ. ಬಿಸಿಲಿಗೆಂದು ಗಾದಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿದ್ದಾರೆ. ಕಬ್ಬಿಣದ ಮಂಚದ ಪಟ್ಟಿಗಳು ಎಣಿಸುವಷ್ಟು ಸ್ಪಷ್ಟ. ಯಾರೋ ಬಂದು ಮಂಚವನ್ನು ಒರೆಸಿಹೋಗುತ್ತಾರೆ. ಬಿಸಿಲು ಮೆಲ್ಲಗೆ ನೆಲದ ಮೇಲೆ ಸರಿಯುತ್ತದೆ. ಮಧ್ಯಾಹ್ನ, ಕಣ್ಣು ಮಿಟುಕಿಸುವಷ್ಟೂ ಸಮಯ ಕೊಡದೆ, ಗಾದಿ ಮಂಚದ ಮೇಲಿದೆ. ಗಾದಿಯ ಮೇಲೆ ಗಂಟೆಯಜ್ಜಿ ಇದ್ದಾರೆ. ಪಕ್ಕದಲ್ಲಿ ತಂಗಿ. ಅಜ್ಜಿ ಏನೋ ಹೇಳುತ್ತಾರೆ, ತಂಗಿ ನಗುತ್ತಾಳೆ.

ಹಾಡಹಗಲು, ಅಂಗಡಿಯ ಕಿಟಕಿಯ ಹೊರಗೆ ವಾಹನಗಳ ಗದ್ದಲ. ಆದರೂ ಅವಳು ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ತಳ್ಳಿಕೊಂಡು, ಪರದೆಯ ಮೇಲಿನ ಆ ಮುದುಕಿಯನ್ನು ದೂರದಿಂದಲೇ ನೋಡಿದಳು. ಮಣ್ಣಾಗಿ ಹೋದವರು ಮರುದಿನ ತಮ್ಮ ಹಾಸಿಗೆಗೆ ಮರಳಿ ಕುಳಿತಿದ್ದರು, ಏನೂ ಆಗಿಲ್ಲವೆಂಬಂತೆ. ನಡುವೆ ಒಮ್ಮೆ ಅವರ ದೃಷ್ಟಿ ಕ್ಯಾಮೆರಾದ ಕಡೆ ಹೊರಳುತ್ತಿತ್ತು. ಯಾರಾದರೂ ಇದ್ದಾರೆಯೇ ಎಂದು ನೋಡುವವರ ದೃಷ್ಟಿ ಅದು.

ಭಯ ಇಳಿದ ಮೇಲೆ ವಿದ್ಯೆ ಬಾಯಿಬಿಟ್ಟಿತು. ಅದು ಹೇಳಿದ್ದು ಭೂತಕ್ಕಿಂತ ಕ್ರೂರವಾಗಿತ್ತು. ರೆಕಾರ್ಡರು ಡಿಸ್ಕಿನಲ್ಲಿ ಮೊದಲು ಜಾಗ ಹಿಡಿದಿಡುತ್ತದೆ, ಆಮೇಲೆ ಬರೆಯುತ್ತದೆ. ಹಿಡಿದ ಮೇಲೆ, ಬರೆಯುವ ಮೊದಲು, ತಂತಿ ಕಿತ್ತರೆ, ಆ ಜಾಗದಲ್ಲಿ ಹಿಂದೆಂದೋ ಬರೆದು ಅಳಿಸಿದ ಹಳೆಯ ಚಿತ್ರವೇ ಉಳಿದಿರುತ್ತದೆ. ಸತ್ತ ದಿನದ ಫೈಲು ಜಾಗ ಹಿಡಿದು ಬರೆಯದೆ ಹೋಯಿತು. ಆ ಜಾಗ ಲೆಕ್ಕದಲ್ಲಿ ಖಾಲಿಯೆಂದೇ ಉಳಿದುದರಿಂದ ಮರುದಿನದ ಫೈಲೂ ಅದನ್ನೇ ಹಿಡಿದು ಬರೆಯದೆ ಹೋಯಿತು. ಸತ್ತವರು ಮರುದಿನ ಬದುಕಿರಲಾರರು. ಆದ್ದರಿಂದ ಆ ಚಿತ್ರ ಮರುದಿನದ್ದಲ್ಲ. ಮರುದಿನ ಯಾವ ತುಂಡು ಹೀಗೆ ಸುಳ್ಳು ಹೇಳಿತೋ ಅದೇ ತುಂಡು ಹಿಂದಿನ ದಿನ ಮಾತ್ರ ನಿಜ ಹೇಳಿತೆಂದು ಯಾವ ಬಾಯಿಂದ ವಾದಿಸುವುದು? ಅದು ವಾರದ ಹಿಂದಿನದೋ ತಿಂಗಳ ಹಿಂದಿನದೋ, ದೇವರೇ ಬಲ್ಲ. ಆಸ್ಪತ್ರೆಯ ದಿನಗಳಿಗೆ ಮುಖವಿರುವುದಿಲ್ಲ. ಅದೇ ಬಿಳಿಯ ಹೊದಿಕೆ, ಅದೇ ಬಿಸಿಲು.

ಸಾವಿನ ಗಳಿಗೆಯನ್ನು ಕ್ಯಾಮೆರಾ ಕಂಡಿರಲೇ ಇಲ್ಲ. ಆಗ ಹೊರಗೆ ಕಾರಿಡಾರಿನಲ್ಲಿ ನೆಲ ಉಜ್ಜಲಾಗುತ್ತಿತ್ತು.

ಅವಳು ಮನೆಗೆ ಹೋದಾಗ ತಂಗಿ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ಸಿಕ್ಕಿತೇ ಎಂದು ಕೇಳಿದಳು, ತಲೆಯೆತ್ತದೆ. ಅಕ್ಕ ಅರ್ಧವನ್ನು ಮಾತ್ರ ಹೇಳಿದಳು. ಅದು ಬಲೆಯೊಡ್ಡುವ ಕೆಲಸವೆಂದು ಹೇಳುವಾಗಲೇ ಅವಳಿಗೆ ಅನ್ನಿಸಿತ್ತು. ಆ ಬಗ್ಗೆ ಮುಂದೆಯೂ ಅವಳು ಹೆಮ್ಮೆಪಡಲಿಲ್ಲ.

"ಸಿಕ್ತು ಕಣೇ. ನೀನು ಅಜ್ಜಿ ಪಕ್ಕದಲ್ಲೇ ಕೂತಿದ್ದೀಯ. ಕೈ ಹಿಡ್ಕೊಂಡಿದ್ದೀಯ."

ತಂಗಿಯ ಕೈಯಲ್ಲಿದ್ದ ಟವೆಲು ಹಾಗೆಯೇ ನಿಂತಿತು. ಅವಳ ಮುಖಕ್ಕೆ ನೆಮ್ಮದಿ ಬರಲಿಲ್ಲ. ಬಣ್ಣವೇ ಇಳಿದುಹೋಯಿತು.

"ನಾನಾ?" ಎಂದಳು. ಆಮೇಲೆ ಬಹಳ ಮೆಲ್ಲಗೆ, "ಅದು ನಾನಲ್ಲ ಅಕ್ಕ. ನಾನು ಅಲ್ಲಿರಲಿಲ್ಲ. ಅಲ್ಲಿ ಕೂತಿರೋದು ಯಾರು?"

ತಾನು ಒಪ್ಪಿಕೊಂಡದ್ದೇನೆಂದು ತಂಗಿಗೆ ಅರಿವಾದದ್ದು ಆಮೇಲೆ. ಅಕ್ಕ ಅವಳನ್ನು ಕೂರಿಸಿ, ತುಂಡಿನ ಕಥೆಯನ್ನೆಲ್ಲ ಹೇಳಿ, ಭೂತದ ಭಯವನ್ನಷ್ಟೇ ಬಿಡಿಸಿದಳು. ಉಳಿದ ಭಯವನ್ನು ಬಿಡಿಸುವುದು ಯಾರ ಕೈಲೂ ಆಗುವಂತಿರಲಿಲ್ಲ. ತಂಗಿ ಬಟ್ಟೆಗಳ ರಾಶಿಯ ನಡುವೆ ಕುಳಿತೇ ನಡೆದದ್ದನ್ನು ಹೇಳಿದಳು. ಎರಡು ವಾರ್ಡುಗಳಿಗೆ ಒಬ್ಬಳೇ ನರ್ಸೆಂದು ಆಡಳಿತ ಮಾಡಿ ಬಹಳ ಕಾಲವಾಗಿತ್ತು. ಅದಕ್ಕೆ ಮಿತವ್ಯಯವೆಂಬ ಮರ್ಯಾದಸ್ಥ ಹೆಸರಿತ್ತು. ಆ ಮಧ್ಯಾಹ್ನ ಪಕ್ಕದ ವಾರ್ಡಿನಲ್ಲಿ ಒಬ್ಬನ ಹೊಲಿಗೆ ಬಿಟ್ಟು ರಕ್ತ ಸುರಿಯುತ್ತಿತ್ತು. ತಂಗಿ ಅದನ್ನು ಒತ್ತಿಹಿಡಿದಿದ್ದಾಗಲೇ ಗಂಟೆ ಆರಂಭವಾಯಿತು. ಹೋಗಿ ನೋಡಿ ಬರಲೇ ಎಂದು ಕೇಳಿದ್ದಕ್ಕೆ, ಅಲ್ಲಿಯೇ ನಿಂತಿದ್ದ ಆಡಳಿತಾಧಿಕಾರಿಗಳು, ಆ ಮುದುಕಿ ಬಡಿದುಕೊಳ್ಳುವುದು ಇದ್ದದ್ದೇ, ಇಲ್ಲಿ ಕೈ ಬಿಡಬೇಡ ಎಂದರು. ಹೇಳಿಕೆಯನ್ನು ಅವರೇ ಬಾಯಲ್ಲಿ ಹೇಳಿ ಬರೆಸಿದ್ದು, ಇಬ್ಬರಿಗೂ ಒಳ್ಳೆಯದೆಂದು.

"ಅವರು ಹೇಳಿದ್ದಕ್ಕೆ ಹೋಗಲಿಲ್ಲ ಅನ್ನಬಹುದು," ಎಂದಳು ತಂಗಿ. "ಆದ್ರೆ ಗಂಟೆ ನಿಂತಿತಲ್ಲ, ಆಗ ನಂಗೆ ಏನನ್ನಿಸ್ತು ಗೊತ್ತಾ? ಸದ್ಯ, ನಿಂತಿತಲ್ಲ ಅನ್ನಿಸ್ತು. ಅದನ್ನ ಯಾರೂ ಹೇಳಿಕೊಡಲಿಲ್ಲ ಅಕ್ಕ. ಅದು ನಂದೇ."

ಆಮೇಲೆ ತಂಗಿಯ ಧ್ವನಿ ಬದಲಾಯಿತು. ವಿಚಾರಣೆಯವರು ಕೇಳಿರುವುದು ಸತ್ತ ದಿನದ್ದನ್ನು ಮಾತ್ರವಲ್ಲವೇ, ಮರುದಿನದ್ದನ್ನು ಯಾರು ನೋಡಬೇಕೆಂದಿದ್ದಾರೆ ಎಂದಳು.

"ಊರಿನವರ ಫೋಟೊನೆಲ್ಲ ಉಳಿಸಿ ಕೊಡ್ತೀಯ. ನನ್ನ ಹೊಟ್ಟೆಪಾಡಿಗೆ ಒಂದು ಫೈಲು ಮರೆತರೆ ನಿಂಗೇನು ಗಂಟು ಹೋಗುತ್ತೆ?"

"ಆ ಅಜ್ಜಿ ಮರುದಿನವೂ ಅಲ್ಲೇ ಬಂದು ಕೂತಿದ್ದಾರೆ ಕಣೇ. ನಾನು ಹೇಗೆ ಎದ್ದು ಹೋಗಿ ಅನ್ನಲಿ?"

"ಸತ್ತವರ ಮೇಲೆ ಇರೋ ಕರುಣೆ ಬದುಕಿರೋರ ಮೇಲಿಲ್ಲ ನಿಂಗೆ," ಎಂದು ತಂಗಿ ಮಡಚಿದ ಬಟ್ಟೆಗಳನ್ನೆತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಮನೆಯೊಳಗೆ ತಟ್ಟೆಲೋಟಗಳ ಸದ್ದೇ ಸದ್ದು. ಅಂಗಡಿಯಲ್ಲಿ ಡಿಸ್ಕಮ್ಮನಿಗೆ ಬೇರೆ ಕೆಲಸ ಹತ್ತಲಿಲ್ಲ. ಪರದೆಯನ್ನು ಆರಿಸಿದರೂ ಅದರ ಕಪ್ಪಿನಲ್ಲಿ ತನ್ನ ಮುಖದ ಹಿಂದೆ ಇನ್ನೊಂದು ಮುಖವಿರುವಂತೆ ಅನ್ನಿಸಿ, ಅದರ ಮೇಲೆ ದಿಂಬಿನ ಚೀಲವನ್ನೇ ಎಳೆದುಬಿಟ್ಟಳು. ಅದು ವಿದ್ಯಾವಂತೆಗೆ ತಕ್ಕ ವರ್ತನೆಯಲ್ಲವೆಂದು ತನ್ನನ್ನು ತಾನೇ ಗದರಿಸಿಕೊಂಡಳು. ಚೀಲವನ್ನು ಮಾತ್ರ ತೆಗೆಯಲಿಲ್ಲ.

ಆಡಳಿತಾಧಿಕಾರಿಗಳು ಬಂದಾಗ ಅವಳು ಎರಡನ್ನೂ ತೋರಿಸಿದಳು. ಮೊದಲನೆಯದನ್ನು ಕಂಡು ಅವರು ಸಂತೋಷದಿಂದ ಕೈಕೈ ಉಜ್ಜಿಕೊಂಡರು. ಎರಡನೆಯದು ಬಂದಾಗ ಕೈಗಳು ಹಾಗೆಯೇ ನಿಂತವು.

"ಸತ್ತ ಮೇಲೆ ಬಂದಿದ್ದಾ ಇದು?" ಎಂದರು, ಪಿಸುಮಾತಿನಲ್ಲಿ.

"ಸತ್ತ ಮೇಲೆ ಯಾರೂ ಬರಲ್ಲ ಸಾರ್. ಸಾಯೋಕೆ ಮುಂಚೆ ಯಾರೂ ಬರಲಿಲ್ಲ, ಅಷ್ಟೇ."

ಅವರು ಚೇತರಿಸಿಕೊಂಡರು. ಅಂಥವರು ಬೇಗ ಚೇತರಿಸಿಕೊಳ್ಳುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕೆಂದು ಶಾಲೆಯಲ್ಲೇ ಕಲಿಸಿರುತ್ತಾರಲ್ಲ, ಕೇಳದ್ದನ್ನು ಬರೆದು ಅಂಕ ಕಳೆದುಕೊಳ್ಳುವುದೇಕೆ ಎಂದರು. ತಂಗಿಗೆ ಮೇಲಿನ ಹುದ್ದೆ ಕೊಡಿಸುವ ಮಾತನ್ನೂ ಆಡಿದರು. ತಾನು ಓದಿದ ಶಾಲೆಯಲ್ಲಿ ಉತ್ತರವನ್ನು ಅರ್ಧ ಬರೆದವರಿಗೆ ಸೊನ್ನೆ ಕೊಡುತ್ತಿದ್ದರೆಂದು ಅವಳು ಹೇಳಿದಳು. ಅವರು ಚೀಲವನ್ನು ಅಲ್ಲಿಯೇ ಬಿಟ್ಟು ಇಳಿದುಹೋದರು.

ವಿಚಾರಣೆಯ ದಿನ ತಂಗಿ ಅಕ್ಕನಿಗಿಂತ ಮೊದಲೇ ಮನೆ ಬಿಟ್ಟಿದ್ದಳು. ಎಲ್ಲಿಗೆಂದು ಹೇಳಿರಲಿಲ್ಲ. ಹೇಳದೆ ಹೋದವಳು ಮರಳಿ ಬರುವಳೋ ಇಲ್ಲವೋ ಎಂಬ ಭಯವನ್ನು ಹೊತ್ತುಕೊಂಡೇ ಡಿಸ್ಕಮ್ಮ ಆ ಕಚೇರಿಯ ಮೆಟ್ಟಿಲು ಹತ್ತಿದಳು. ಎತ್ತರದ ಸೂರಿನ ಕೋಣೆ, ಉದ್ದನೆಯ ಮೇಜು, ಗೋಡೆಯ ಮೇಲೆ ಬಿಳಿಯ ಪರದೆ. ವಿಚಾರಣಾಧಿಕಾರಿ ನಿವೃತ್ತ ವೈದ್ಯೆ, ಮಾತು ಕಡಿಮೆ. ಅವರೆದುರು ಟೈಲರ್ ಕುಳಿತಿದ್ದ. ಅಂಗಡಿಯಿಂದ ನೇರವಾಗಿ ಬಂದಿದ್ದನೆಂದು ತೋರುತ್ತಿತ್ತು. ತೋಳಿಗೆ ನೂಲಿನ ಎಳೆಗಳು ಅಂಟಿದ್ದವು. ಹಿಂದಿನ ಸಾಲಿನ ತುದಿಯಲ್ಲಿ, ಗೋಡೆಗಂಟಿ, ತಂಗಿ.

ಮೊದಲ ಫೈಲು ಓಡಿತು. ಗೋಡೆಯಷ್ಟು ದೊಡ್ಡದಾಗಿ ಬೆಳೆದ ಅಜ್ಜಿ ಏನೋ ಹೇಳಿದರು. ಗೋಡೆಯಷ್ಟು ದೊಡ್ಡ ತಂಗಿ ನಕ್ಕಳು. ವಿಚಾರಣಾಧಿಕಾರಿ ಕನ್ನಡಕ ತೆಗೆದು, ನರ್ಸ್ ಇದ್ದದ್ದು ಸ್ಪಷ್ಟವಾಗಿದೆಯೆಂದರು. ಆಗ ಯಾರೂ ನಿರೀಕ್ಷಿಸದ್ದು ನಡೆಯಿತು. ಟೈಲರ್ ಹಿಂದಕ್ಕೆ ತಿರುಗಿ ನರ್ಸನ್ನು ಹುಡುಕಿ, ಎರಡು ಕೈಯನ್ನೂ ಜೋಡಿಸಿದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಅಮ್ಮನ ಕೈ ಹಿಡಿದಿದ್ರಲ್ಲ ತಾಯಿ. ನಾನು ಏನೇನೋ ಅಂದ್ಬಿಟ್ಟೆ. ಇಷ್ಟು ಸಾಕು ನನಗೆ."

ಡಿಸ್ಕಮ್ಮ ಮೌಸಿನಿಂದ ಕೈ ತೆಗೆದಳು. ತಂಗಿ ಉಳಿಯುವಳು, ಆಸ್ಪತ್ರೆ ಉಳಿಯುವುದು. ಅದು ಅವಳಿಗೆ ಮೊದಲೇ ಗೊತ್ತಿದ್ದ ಆಮಿಷ. ಆದರೆ ಈ ಮನುಷ್ಯನೂ ನೆಮ್ಮದಿಯಾಗಿ ನಿದ್ದೆ ಮಾಡುವನು ಎಂಬುದು ಹೊಸದು. ಸುಳ್ಳು ಇಷ್ಟು ದಯೆಯ ಮುಖ ಹೊತ್ತು ಬರಬಲ್ಲದೆಂದು ಅವಳು ಎಣಿಸಿರಲಿಲ್ಲ. ಸಲ್ಲದ ಸಮಾಧಾನವನ್ನು ಒಬ್ಬನಿಗೆ ಉಣಿಸುವುದು ಕರುಣೆಯೇ, ಅಥವಾ ಅವನ ತಾಯಿಯನ್ನು ಅವನಿಂದ ಎರಡನೆಯ ಸಲ ಕದಿಯುವುದೇ? ಅವಳಿಗೆ ಒಂದೇ ಉತ್ತರ ಗೊತ್ತಿತ್ತು.

"ಇನ್ನೊಂದು ಫೈಲಿದೆ. ಮರುದಿನದ್ದು," ಎಂದಳು.

ಬರಿದಾದ ಮಂಚ ಗೋಡೆಯ ಮೇಲೆ ಬಂತು. ಒರಗಿಸಿದ ಗಾದಿ, ಸರಿಯುವ ಬಿಸಿಲು. ಕೋಣೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಅಜ್ಜಿ ಬಂದರು. ಟೈಲರ್ ಕುರ್ಚಿಯಿಂದ ಎದ್ದದ್ದು ಅವನಿಗೇ ತಿಳಿಯಲಿಲ್ಲ. ಅವನು ಪರದೆಯತ್ತ ಒಂದು ಹೆಜ್ಜೆಯಿಟ್ಟು, ತಾಯಿಯ ದೃಷ್ಟಿ ತನ್ನತ್ತ ಹೊರಳಿದಾಗ ನಿಂತುಬಿಟ್ಟ.

"ಆವತ್ತು ಅಮ್ಮನ್ನ ಮಣ್ಣು ಮಾಡಿ ಬಂದಿದ್ವಿ," ಎಂದ. "ಅಮ್ಮ ಇಲ್ಲಿ ಹೇಗೆ?"

ಅವಳು ವಿವರಿಸಿದಳು. ಚಿತ್ರ ನಿಜ, ದಿನ ಸುಳ್ಳು. ಎಂದೋ ಒಂದು ದಿನ ನರ್ಸು ಹೀಗೆ ಕುಳಿತದ್ದು ನಿಜ, ಅದು ಆ ದಿನವೆನ್ನಲು ಆಧಾರವಿಲ್ಲ. ಆಡಳಿತಾಧಿಕಾರಿಗಳು ಎದ್ದುನಿಂತು, ಯಂತ್ರವೇ ಕೆಟ್ಟಿದೆಯೆಂದ ಮೇಲೆ ಎರಡನ್ನೂ ಕೈಬಿಡಬೇಕೆಂದೂ ನರ್ಸಿನ ಲಿಖಿತ ಹೇಳಿಕೆಯೊಂದೇ ಉಳಿಯುತ್ತದೆಂದೂ ವಾದಿಸಿದರು. ವಿಚಾರಣಾಧಿಕಾರಿ ಬಹಳ ಹೊತ್ತು ಯೋಚಿಸಿ, ಕಾನೂನಿನ ಪ್ರಕಾರ ಅದು ಸರಿಯೆಂದು ಒಪ್ಪಬೇಕಾಯಿತು. ಇದ್ದಳೆನ್ನಲು ಸಾಕ್ಷಿಯಿಲ್ಲ, ಇರಲಿಲ್ಲವೆನ್ನಲೂ ಇಲ್ಲ. ತಂಗಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದರೆ ಸಾಕಿತ್ತು, ಅವಳ ಕೂದಲೂ ಕೊಂಕುತ್ತಿರಲಿಲ್ಲ. ಅಕ್ಕ ತಿರುಗಿ ನೋಡಲಿಲ್ಲ. ನೋಡಿದರೆ ಅದು ಒತ್ತಾಯವಾದೀತೆಂದು, ಮೇಜಿನ ಮರದ ಎಳೆಗಳನ್ನೇ ನೋಡುತ್ತ ಕುಳಿತಳು.

ಟೈಲರ್ ಮಾತ್ರ ಕಾನೂನು ಕೇಳಿಸಿಕೊಂಡಿರಲಿಲ್ಲ. ಅವನು ಮೇಜನ್ನು ಬಳಸಿ ಹಿಂದಿನ ಸಾಲಿನವರೆಗೆ ನಡೆದುಹೋದ.

"ಆವತ್ತು ಅಮ್ಮ ಒಬ್ಬಳೇ ಇದ್ದಳಾ?"

"ಒಬ್ಬರೇ ಇದ್ದರು," ಎಂದಳು ತಂಗಿ.

ಅಧಿಕಾರಿಗಳು ಏನೋ ಹೇಳಹೊರಟರು. ವಿಚಾರಣಾಧಿಕಾರಿ ಕೈಯೆತ್ತಿ ತಡೆದರು. ತಂಗಿ ಎದ್ದುನಿಂತಿದ್ದಳು. ಒಂದು ಭುಜ ತುಸು ತಗ್ಗಿತ್ತು.

"ಎಷ್ಟೋ ದಿನ ಹಾಗೆ ಪಕ್ಕದಲ್ಲಿ ಕೂತಿದ್ದೀನಿ ಅಣ್ಣ. ಆವತ್ತು ಕೂರಲಿಲ್ಲ. ಗಂಟೆ ಕೇಳಿಸಿತ್ತು. ಬರಲಿಲ್ಲ."

ಯಾರ ಆಜ್ಞೆಯಿಂದ ಬರಲಿಲ್ಲವೆಂಬುದನ್ನು ವಿಚಾರಣಾಧಿಕಾರಿಯೇ ಕೇಳಿ ಕೇಳಿ ಹೊರಡಿಸಬೇಕಾಯಿತು.

ತಂಗಿಯ ಪರವಾನಗಿಯನ್ನು ಅಮಾನತಿನಲ್ಲಿಟ್ಟರು. ವರದಿಯಲ್ಲಿ ಅವಳ ಲೋಪದ ವರ್ಣನೆಗೆ ಪುಟಗಟ್ಟಲೆ ಜಾಗ ಸಿಕ್ಕಿತು. ಆಡಳಿತದ ಪಾಲಿಗೆ 'ಸಿಬ್ಬಂದಿಯ ಕೊರತೆ' ಎಂಬ ಎರಡೇ ಪದ. ಕೊರತೆ ಮಳೆಯಂತೆ ಆಕಾಶದಿಂದ ತಾನೇ ಸುರಿಯಿತೇನೋ ಎಂಬಂತೆ. ಅದನ್ನೋದಿ ಡಿಸ್ಕಮ್ಮ ಖಂಡನೆಯ ಪತ್ರ ಬರೆದಳು. ಉತ್ತರ ಬರಲಿಲ್ಲ, ಇನ್ನೊಂದು ಬರೆದಳು. ತಂಗಿ ಒಂದು ಔಷಧದಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಕ್ಕನೊಂದಿಗೆ ಈಗ ಮಾತಾಡುತ್ತ ಇದ್ದಳು, ಬೇಕಾದಷ್ಟು ಮಾತ್ರ.

ಒಂದು ದಿನ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ತಾಯಿಯದು ಅವನ ಬಳಿ ಇದ್ದದ್ದು ಗುರುತಿನ ಚೀಟಿಯ ಫೋಟೊ ಮಾತ್ರವಂತೆ. ಆ ತುಂಡನ್ನು ಕೊಡಬಹುದೇ ಎಂದು ಕೇಳಿದ. ಅವಳು ಹಾಕಿ ತೋರಿಸಿದಳು. ಅವನು ನಿಂತೇ ನೋಡಿದ. ಮುಗಿದ ಮೇಲೆ ಇನ್ನೊಮ್ಮೆ ಎಂದ.

"ನರ್ಸ್ ಇಲ್ಲದ ಹಾಗೆ, ಅಮ್ಮನ್ನಷ್ಟೇ ಕತ್ತರಿಸಿ ಕೊಡೋಕಾಗುತ್ತಾ?"

ಅವಳು ಚಿತ್ರವನ್ನು ನಿಲ್ಲಿಸಿ, ಹಾಸಿಗೆಯ ಅಂಚನ್ನು ದೊಡ್ಡದು ಮಾಡಿ ನೋಡಿದಳು. ತಂಗಿಯ ಅಂಗೈಗಳ ನಡುವೆ ಮುದುಕಿಯ ಕೈ ಮಣಿಕಟ್ಟಿನವರೆಗೂ ಮುಚ್ಚಿಹೋಗಿತ್ತು.

"ಆಗಲ್ಲ," ಎಂದಳು. "ತೆಗೆದ್ರೆ ನಿಮ್ಮಮ್ಮನ ಕೈಯೂ ಹೋಗುತ್ತೆ."

ಟೈಲರ್ ಸ್ಟೂಲಿನ ಮೇಲೆ ಕುಳಿತುಕೊಂಡ. ಬಟ್ಟೆಯನ್ನು ಎಲ್ಲಿ ಕತ್ತರಿಸಬಹುದೆಂದು ನೋಡುವವನ ಕಣ್ಣಿನಿಂದ ಆ ಕೈಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ, ಹಾಗೆಯೇ ಇರಲಿ, ಹಾಗೆಯೇ ಕೊಡಿ ಎಂದ. ಫೈಲಿಗೆ ಯಾವ ದಿನದ ಹೆಸರಿಡಲಿ ಎಂದು ಅವಳು ಕೇಳಲಿಲ್ಲ.